ಕುಳ್ಳಿಗೆ ಅವಳದೇ ತಲೆ

ಬೆಳಗಿನ ಮೊದಲ ಬಸ್ಸು ಮ್ಯೂಸಿಯಂ ಮುಂದೆ ನಿಲ್ಲುವಾಗ ಬೀದಿದೀಪಗಳು ಇನ್ನೂ ಆರಿರುವುದಿಲ್ಲ. ಇಳಿಯುವವರು ಒಬ್ಬರೇ. ಕೈಯಲ್ಲಿ ಫ್ಲಾಸ್ಕು, ಹೆಗಲಲ್ಲಿ ಬಟ್ಟೆಯ ಚೀಲ, ಮೈಮೇಲೆ ತೋಳು ಮಡಚಿದ ಹಳೆಯ ಸ್ವೆಟರ್. ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು ಡ್ರೈವರ್ ಕಡೆ ತಿರುಗಿ, "ಸಂಜೆ ಬರ್ತಾ ಅತ್ತೆ ಮಾತ್ರೆ ತನ್ನಿ, ಮರೀಬೇಡಿ" ಎನ್ನುತ್ತಾರೆ. "ತರ್ತೀನಿ. ನಿನ್ನ ಕುಳ್ಳಿ ಬಾಯಿ ಬಿಟ್ಟರೆ ನನಗೂ ಒಂದು ಮಾತು ಹೇಳು" ಎಂದು ಡ್ರೈವರ್ ಗೇರ್ ಹಾಕುತ್ತಾರೆ. ಆ ಡ್ರೈವರ್ ಇವರ ಗಂಡ.

ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ಮೆಟ್ಟಿಲಿಳಿದರೆ ನೆಲಮಾಳಿಗೆಯ ಕೋಣೆ. ಕಿಟಕಿ ಇದೆ, ಆದರೆ ಅದು ಮೇಲಿನ ಬೀದಿಯ ಮಟ್ಟಕ್ಕಿರುವುದರಿಂದ ಕಾಣುವುದು ಬರೀ ಕಾಲುಗಳು. ಉದ್ದನೆಯ ಮೇಜು, ಬಾಗಿದ ಕತ್ತಿನ ದೀಪ, ಸೂಕ್ಷ್ಮದರ್ಶಕ, ಲೋಟದಲ್ಲಿ ನೆಟ್ಟಗೆ ನಿಂತ ಸೂಜಿಗಳು, ಕುಂಚಗಳು. ಮೇಜಿನ ನಡುವೆ ಮರಳು ತುಂಬಿದ ದಿಂಬು. ದಿಂಬಿನ ಮೇಲೆ ಬಟ್ಟೆ ಹೊದ್ದ ಮಗುವಿನ ಹಾಗೆ ಒಂದು ಕಲ್ಲು, ಕಲ್ಲಿನಿಂದ ಅರ್ಧಕ್ಕೆ ಹೊರಬಂದಿರುವ ಒಂದು ಪುಟ್ಟ ತಲೆ.

"ನಿದ್ದೆ ಆಯ್ತೇನೇ?" ಎಂದು ಅದನ್ನು ಕೇಳಿ, ದೀಪ ಹಚ್ಚಿ, ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಮ್ಯೂಸಿಯಂನಲ್ಲಿ ಇವರನ್ನು ಎಲ್ಲರೂ ಕರೆಯುವುದು ಹಲ್ಲಕ್ಕ ಎಂದು. ಕಲ್ಲಿನೊಳಗೆ ಸಿಕ್ಕಿಕೊಂಡ ಪಳೆಯುಳಿಕೆಗಳಿಂದ ಕಲ್ಲನ್ನು ಬಿಡಿಸುವುದು ಇವರ ಕೆಲಸ. ಕುಳ್ಳಿ ಎಂದರೆ ಕೋಟ್ಯಂತರ ವರ್ಷಗಳ ಹಿಂದಿನ ಕ್ರಿಟೇಷಿಯಸ್ ಯುಗದ ಒಂದು ಸಣ್ಣ ಡೈನೋಸಾರ್. ಸೊಪ್ಪುಸದೆ ತಿಂದು ಬದುಕಿದ ಪ್ರಾಣಿ, ಎತ್ತರದಲ್ಲಿ ಒಂದು ಮೇಕೆಯಷ್ಟು, ಬಾಲ ಮಾತ್ರ ಮೈಗಿಂತ ಉದ್ದ. ಅದು ಹೆಣ್ಣೋ ಗಂಡೋ ಹೇಳಲು ಬರುವುದಿಲ್ಲ. "ಅಷ್ಟು ವರ್ಷ ಸುಮ್ಮನೆ ಕಾದಿದೆಯಲ್ಲ, ಅದಕ್ಕೇ ಹೆಣ್ಣು ಅಂದ್ಕೊಂಡೆ" ಎಂದು ಹಲ್ಲಕ್ಕ ನಗುತ್ತಾರೆ.

ಈಗ ಕುಳ್ಳಿಯ ಮೈ ಮಹಡಿಯ ಹೊಸ ಸಭಾಂಗಣದಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ನಿಂತಿದೆ. ಕತ್ತಿನವರೆಗೆ ಮಾತ್ರ. ಭಾನುವಾರ ಸಭಾಂಗಣದ ಉದ್ಘಾಟನೆ, ಶನಿವಾರ ಸಂಜೆ ಕುಳ್ಳಿಯ ಸುತ್ತ ಗಾಜು ಮುಚ್ಚುತ್ತಾರೆ. ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಯಾವ ಕಾಲಕ್ಕೋ. ಅಷ್ಟರೊಳಗೆ ಈ ತಲೆ ಕಲ್ಲಿನಿಂದ ಪೂರ್ತಿ ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಆ ಕತ್ತಿನ ಮೇಲೆ ಕೂರಲು ಇನ್ನೊಂದು ತಲೆ ಸಿದ್ಧವಾಗಿಯೇ ಇದೆ. ಗೋಡೆಯ ಹಲಗೆಯ ಮೇಲಿರುವ ಪ್ಲಾಸ್ಟರಿನ ತಲೆ. ಅದನ್ನು ಮಾಡಿದವರೂ ಹಲ್ಲಕ್ಕನೇ.

ಇವರು ಕೆಲಸ ಮಾಡುವುದನ್ನು ನೋಡುತ್ತಾ ಕೂತರೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಬಲಗೈಯಲ್ಲಿ ಸೂಜಿ, ಎಡಗೈಯಲ್ಲಿ ಕುಂಚ, ಕಣ್ಣು ಸೂಕ್ಷ್ಮದರ್ಶಕಕ್ಕೆ. ಸೂಜಿಯಿಂದ ಒಂದು ಕಣ ಎಬ್ಬಿಸುವುದು, ಕುಂಚದಿಂದ ಸರಿಸುವುದು, ಬಿರುಕು ಕಂಡಲ್ಲಿ ಒಂದು ಹನಿ ಅಂಟು ಬಿಟ್ಟು ಅದು ಒಣಗುವವರೆಗೆ ಕಾಯುವುದು. ಇಡೀ ದಿನ ದುಡಿದರೆ ಒಂದು ಅಂಚೆಚೀಟಿಯಷ್ಟು ಜಾಗ ಬಿಡುಗಡೆಯಾಗುತ್ತದೆ. ಕಲ್ಲೂ ಕಂದು, ಮೂಳೆಯೂ ಕಂದು. ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ?

"ಕಲ್ಲು ಸೂಜಿಗೆ ಉದುರುತ್ತೆ. ಮೂಳೆ ಜಾರುತ್ತೆ. ಜಾರಿತು ಅನ್ನಿಸಿದ ತಕ್ಷಣ ಕೈ ನಿಲ್ಲಬೇಕು. ಇನ್ನೊಂದು ಸಲ ನೋಡೋಣ ಅಂತ ಒತ್ತಿದ್ರೋ, ಮುಗೀತು."

ಹಲ್ಲಕ್ಕ ಎಂಬ ಹೆಸರು ಬಂದದ್ದು ಅವರ ಮೊದಲಿನ ಕೆಲಸದಿಂದ. ಮದುವೆಗೆ ಮುಂಚೆಯೇ ಒಂದು ದಂತವೈದ್ಯರ ಹಿಂದಿನ ಕೋಣೆಯಲ್ಲಿ ಕಟ್ಟಿಸುವ ಹಲ್ಲುಗಳನ್ನು ಮಾಡಲು ಕಲಿತರು. ಮೇಣದಲ್ಲಿ ಅಚ್ಚು, ಪ್ಲಾಸ್ಟರಿನಲ್ಲಿ ದವಡೆ, ಮೇಲಿನ ಸಾಲಿಗೆ ಕೆಳಗಿನ ಸಾಲು ಕೂರಿಸುವುದು. ಮುಂದಿನ ಕೋಣೆಯಲ್ಲಿ ಬಾಯಿ ತೆರೆದು ಕೂತವರಿಗೆ ಹಿಂದಿನ ಕೋಣೆಯಲ್ಲಿ ಒಬ್ಬಳು ಹೆಂಗಸು ಇದ್ದಾಳೆ ಎಂದೇ ಗೊತ್ತಿರಲಿಲ್ಲ. ಅವರಿಗೂ ಅದರ ಬಗ್ಗೆ ಬೇಸರವಿರಲಿಲ್ಲ. "ನಾನು ಮಾಡಿದ ಹಲ್ಲಲ್ಲಿ ಯಾರೋ ನಗ್ತಾ ಬೀದೀಲಿ ಹೋಗೋರು. ನನಗೆ ಗುರುತು ಸಿಗೋದು. ಅವರಿಗೆ ನನ್ನ ಗುರುತು ಯಾಕೆ ಬೇಕು?"

ಆಮೇಲೆ ಹಲ್ಲು ಮಾಡುವ ಯಂತ್ರ ಬಂತು, ಹಿಂದಿನ ಕೋಣೆ ಮುಚ್ಚಿತು. ಮುಚ್ಚುವ ಮೊದಲು ಬಂದ ಕೊನೆಯ ಗಿರಾಕಿಗಳಲ್ಲಿ ಒಬ್ಬರು ಈ ಮ್ಯೂಸಿಯಂನ ನೆಲಮಾಳಿಗೆಯಲ್ಲಿ ಕಲ್ಲು ಬಿಡಿಸುತ್ತಿದ್ದ ಹಿರಿಯರು. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಹೊಸ ಹಲ್ಲು ಒತ್ತುತ್ತದೆ ಎಂದು ಮತ್ತೆ ಮತ್ತೆ ವಾಪಸ್ ಬಂದರು. ಪ್ರತಿ ಸಲವೂ ಈಕೆ ಸಿಡುಕದೆ, ಮಾತಾಡದೆ, ಕೂದಲೆಳೆಯಷ್ಟು ಉಜ್ಜಿ ಕೊಟ್ಟರು. ಕೊನೆಯ ಸಲ ಹಲ್ಲು ಹಾಕಿಕೊಂಡು ಬಾಯಿ ಆಡಿಸಿ ನೋಡಿದ ಮೇಷ್ಟ್ರು, "ನನಗಿಂತ ಹಳೇ ಬಾಯಿಗಳಿದಾವೆ ನಮ್ಮಲ್ಲಿ, ಬರ್ತೀಯಾಮ್ಮ?" ಎಂದರಂತೆ.

ಮನೆಯಲ್ಲಿ ವಿಷಯ ಹೇಳಿದಾಗ ಗಂಡ ತಲೆಯಾಡಿಸಿದರು. ಮಾತಾಡಿದ್ದು ಅತ್ತೆ. "ಬದುಕಿರೋರ ಹಲ್ಲು ಸಾಲದು ಅಂತ ಈಗ ಸತ್ತೋರ ಹಲ್ಲು ತಿಕ್ಕೋಕೆ ಹೋಗ್ತೀಯಾ?" ಆ ಅತ್ತೆಯ ಬಾಯಲ್ಲಿರುವುದೂ ಸೊಸೆ ಮಾಡಿದ ಹಲ್ಲೇ. "ಆ ಹಲ್ಲಲ್ಲೇ ನನ್ನನ್ನ ಕಡಿದಿದ್ದು" ಎನ್ನುವಾಗ ಹಲ್ಲಕ್ಕನ ಮುಖದಲ್ಲಿ ದೂರಿಲ್ಲ. ಅತ್ತೆ ಸೊಸೆ ಒಂದೇ ಕೋಣೆಯಲ್ಲಿ ಬಟ್ಟೆ ಮಡಚುತ್ತಾ, ಒಬ್ಬರ ಮಾತಿಗೆ ಇನ್ನೊಬ್ಬರು ಕೊಕ್ಕೆ ಹಾಕುತ್ತಾ ಇಷ್ಟು ವರ್ಷ ಕಳೆದಿದ್ದಾರೆ. ಬೆನ್ನುನೋವಿಗೆ ಎಣ್ಣೆ ತಿಕ್ಕುವವರೂ ಅತ್ತೆಯೇ.

ಬೆನ್ನು, ಕತ್ತು, ಮಣಿಕಟ್ಟು. ಈ ಕೆಲಸ ಮೊದಲು ಹಿಡಿಯುವುದು ಅಲ್ಲಿ. ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತದೆ, ಕೈಗವಸು ಹಾಕಿದರೆ ಕಲ್ಲು ಯಾವುದು ಮೂಳೆ ಯಾವುದು ತಿಳಿಯುವುದಿಲ್ಲ. ದೂಳಿಗೆ ಮುಖವಾಡ, ಮುಖವಾಡಕ್ಕೆ ಕನ್ನಡಕದ ಮೇಲೆ ಹಬೆ. ಇದೆಲ್ಲ ಕೇಳಿದರೆ ಮಾತ್ರ ಹೇಳುತ್ತಾರೆ. ಕೇಳದಿದ್ದರೂ ಹೇಳುವುದು ಕುಳ್ಳಿಯ ಕಾಲುಬೆರಳುಗಳ ಬಗ್ಗೆ, ಬಾಲದ ಗಿಣ್ಣುಗಳ ಬಗ್ಗೆ.

ಕುಳ್ಳಿ ಇಲ್ಲಿಗೆ ಬಂದದ್ದು ಇವರಿಗಿಂತ ಮುಂಚೆ. ನೆಲ ಅಗೆಯುವವರು ಪಳೆಯುಳಿಕೆ ಇರುವ ಕಲ್ಲನ್ನು ಸುತ್ತಲೂ ಕಡಿದು, ಮುರಿದ ಕಾಲಿಗೆ ಕಟ್ಟುವ ಹಾಗೆ ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಕಳಿಸುತ್ತಾರೆ. ಯಾವುದು ಮೇಲ್ಬದಿ ಎಂದು ತಿಳಿಯಲು ಕಟ್ಟಿನ ಮೇಲೆ ಬಾಣದ ಗುರುತು ಹಾಕುತ್ತಾರೆ. ಕುಳ್ಳಿ ಬಂದದ್ದು ಎರಡು ಕಟ್ಟುಗಳಲ್ಲಿ. ದೊಡ್ಡ ಕಟ್ಟಿನಲ್ಲಿ ಮೈ, ಕಾಲು, ಬಾಲ ಎಲ್ಲ ಸಿಕ್ಕವು. ಚಿಕ್ಕ ಕಟ್ಟನ್ನು ಮೇಷ್ಟ್ರು ಕತ್ತರಿಸಿ ನೋಡಿದರು. ಬರೀ ಕಲ್ಲು. ಖಾಲಿ ಎಂದು ಮೇಜಿನ ಕೆಳಗೆ ತಳ್ಳಿದರು.

ಮೇಷ್ಟ್ರು ನಿವೃತ್ತರಾದ ಮೇಲೆ ಆ ಮೇಜು ಹಲ್ಲಕ್ಕನಿಗೆ ಬಂತು. ಕುರ್ಚಿ ಎತ್ತರ, ಇವರು ಗಿಡ್ಡ, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕೆಳಗಿದ್ದ ಆ ಕಲ್ಲು ಕಾಲಿಡಲು ಹೇಳಿ ಮಾಡಿಸಿದಂತಿತ್ತು. ಹೀಗೆ ಇವರು ಆ ಕಲ್ಲಿನ ಮೇಲೆ ಕಾಲಿಟ್ಟುಕೊಂಡು ಕುಳ್ಳಿಯ ಮೈಯನ್ನು ವರ್ಷಗಟ್ಟಲೆ ಬಿಡಿಸಿದರು.

ಮೈ ಮುಗಿದರೂ ತಲೆ ಇರಲಿಲ್ಲ. ಹೊಸ ಸಭಾಂಗಣದ ಯೋಜನೆ ಬಂದಾಗ, ಪಳೆಯುಳಿಕೆ ವಿಭಾಗದ ಮುಖ್ಯಸ್ಥೆ, ಇಲ್ಲಿ ಎಲ್ಲರ ಬಾಯಲ್ಲಿ ಮೇಡಂ ಆದವರು, ಕುಳ್ಳಿಯ ಹತ್ತಿರದ ಬಳಗದ ಪ್ರಾಣಿಗಳ ಚಿತ್ರ, ಅಳತೆ ತರಿಸಿಕೊಟ್ಟು ಪ್ಲಾಸ್ಟರಿನಲ್ಲಿ ಒಂದು ತಲೆ ಮಾಡಲು ಹೇಳಿದರು. ಹಲ್ಲಕ್ಕ ಮಾಡಿದರು. ದುಂಡನೆಯ ಕೆನ್ನೆ, ಅಗಲವಾದ ಕೊಕ್ಕು, ದೊಡ್ಡ ಸಾಧು ಕಣ್ಣುಗುಳಿ. ನೋಡಿದವರೆಲ್ಲ ಎಷ್ಟು ಮುದ್ದಾಗಿದೆ ಎಂದರು.

ಚಳಿಗಾಲದ ಮೊದಲಲ್ಲಿ ಕೋಣೆ ಖಾಲಿ ಮಾಡುವ ಕೆಲಸ ಶುರುವಾಯಿತು. ಬೇಡದ ಕಲ್ಲುಗಳನ್ನು ಸಾಗಿಸಲು ಬಂದವನು ಮೇಜಿನ ಕೆಳಗಿನ ಕಲ್ಲನ್ನು ಎಳೆದಾಗ ಅದರ ಬದಿಯ ಪ್ಲಾಸ್ಟರ್ ಕಿತ್ತು ಬಂತು. ಒಳಗಿನ ಕಲ್ಲಿನಲ್ಲಿ ಒಂದು ಬಿಳಿ ಗೆರೆ, ನಡುವೆ ಮೊಣಕೈ ಮಡಿಸಿದಂತೆ ಒಂದು ಬಾಗು.

"ಆ ಬಾಗನ್ನ ನಾನು ಎಲ್ಲೋ ನೋಡಿದೀನಿ ಅನ್ನಿಸ್ತು. ನಿಲ್ಲಿಸಪ್ಪಾ ಅಂದೆ. ಎಲ್ಲಿ ನೋಡಿದ್ದು ಅಂತ ನೆನಪಿಗೆ ಬರೋ ಹೊತ್ತಿಗೆ ಟೀ ಆರಿಹೋಗಿತ್ತು. ಕುಳ್ಳಿ ಕತ್ತಿನ ಕೊನೇ ಮೂಳೆ ಹಿಂದೆ ಅಂಟಿದ್ದ ಕಲ್ಲಲ್ಲಿ. ಅದೇ ಗೆರೆ, ಅದೇ ಬಾಗು."

ಆ ಕತ್ತಿನ ಕಲ್ಲಿನ ತುಂಡನ್ನು ತಂದು ಈ ಕಲ್ಲಿನ ಬದಿಗೆ ಹಿಡಿದರು. ಮೇಲಿನ ದವಡೆಗೆ ಕೆಳಗಿನ ದವಡೆ ಕೂತ ಹಾಗೆ ಕೂತಿತು. ಬಾಣದ ಗುರುತು ಎಂದೋ ಅಳಿಸಿಹೋಗಿ ಕಟ್ಟು ತಲೆಕೆಳಗಾಗಿತ್ತು. ಮೇಷ್ಟ್ರು ತೆರೆದು ನೋಡಿದ್ದು ಅದರ ತಳವನ್ನು. ತಲೆ ಇದ್ದದ್ದು ಇನ್ನೊಂದು ಬದಿಗೆ.

"ಇಷ್ಟು ವರ್ಷ ಅವಳ ತಲೆ ಮೇಲೆ ಕಾಲಿಟ್ಕೊಂಡು, ಅಯ್ಯೋ ತಲೆ ಇಲ್ವಲ್ಲ, ತಲೆ ಇಲ್ವಲ್ಲ ಅಂತ ಕೊರಗ್ತಿದ್ದೆ ನೋಡಿ."

ಮೇಡಂ ಕೆಳಗಿಳಿದು ಬಂದು ನೋಡಿ ನೆಲದ ಮೇಲೆಯೇ ಕೂತು ನಕ್ಕರಂತೆ. ನಕ್ಕು ಮುಗಿದ ಮೇಲೆ ಇಬ್ಬರಿಗೂ ಉದ್ಘಾಟನೆಯ ದಿನಾಂಕ ನೆನಪಾಯಿತು. ಮೇಡಂ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ಹಲ್ಲಕ್ಕಾ, ನೀವು ಮಾಡಿದ ತಲೆ ಹಾಕಿ ಸಭಾಂಗಣ ತೆರೆದುಬಿಡೋಣ. ಇದನ್ನ ನಿಧಾನವಾಗಿ ಬಿಡಿಸಿ. ಅವಸರದಲ್ಲಿ ಒಡೆದರೆ ಯಾರಿಗೂ ಇಲ್ಲದ ಹಾಗಾಗುತ್ತೆ."

"ನಿಧಾನವಾಗಿ ಬಿಡಿಸ್ತೀನಿ. ಆದ್ರೆ ಆಮೇಲೆ ಗಾಜು ಯಾರು ತೆಗೀತಾರೆ? ನಾನು ಮಾಡಿದ ಮುಖ ಹೊತ್ಕೊಂಡು ಅವಳು ನಿಲ್ಲಬೇಕಾ?"

ಮೇಡಂ, ಗಾಜು ಮುಚ್ಚುವ ಶನಿವಾರದ ಸಂಜೆಯವರೆಗೆ ಸಮಯ ಎಂದರು. ಒಂದೇ ಷರತ್ತು. ಎಲ್ಲಾದರೂ ಮೂಳೆ ಬಿರಿಯುವ ಸೂಚನೆ ಕಂಡರೆ ಸೂಜಿ ಕೆಳಗಿಡಬೇಕು, ಪ್ಲಾಸ್ಟರಿನ ತಲೆ ಮೇಲೇರಬೇಕು.

ಮೇಷ್ಟ್ರಿಗೆ ಯಾರು ಹೇಳುವುದು ಎಂಬ ಪ್ರಶ್ನೆ ಬಂತು. ಅವರ ಮನೆಗೆ ಹಲ್ಲಕ್ಕನೇ ಹೋದರು. ಬಾಗಿಲಲ್ಲಿ ನಿಂತು ಬಹಳ ಹೊತ್ತು ಹವಾಮಾನ, ಮೊಮ್ಮಕ್ಕಳು ಎಂದೆಲ್ಲ ಮಾತಾಡಿ ಕೊನೆಗೆ ಹೇಳಿದರು. ಮೇಷ್ಟ್ರು, "ಅಂದ್ರೆ ನಾನು ಹಿತ್ತಲ ಬಾಗಿಲು ತಟ್ಟಿ ಮನೇಲಿ ಯಾರೂ ಇಲ್ಲ ಅಂತ ಬಂದುಬಿಟ್ಟೆ" ಎಂದರು. ಹೊರಡುವಾಗ ಒಂದು ಡಬ್ಬಿ ತಂದು ಕೈಗಿಟ್ಟರು. ಅವರ ಕಾಲದ ಅತಿ ಸಣ್ಣ ಸೂಜಿಗಳು. ಈಗ ಹಲ್ಲಕ್ಕನ ಬೆರಳ ನಡುವೆ ಇರುವುದು ಅದರಲ್ಲೊಂದು.

ತಿಂಗಳುಗಳ ಕೆಲಸದಲ್ಲಿ ಮುಖ ಒಂದೊಂದೇ ಅಂಚೆಚೀಟಿಯಾಗಿ ಹೊರಬಂದಿದೆ. ಮೊದಲು ಕೊಕ್ಕು. ಅಗಲವಲ್ಲ, ಚಿಮಟದ ತುದಿಯಂತೆ ಕಿರಿದು, ಬೇಕಾದ ಚಿಗುರನ್ನು ಮಾತ್ರ ಆರಿಸಿ ಚಿವುಟುವಂಥದ್ದು. ಆಮೇಲೆ ಕೆನ್ನೆ. ದುಂಡಗಿಲ್ಲ. ಆಮೇಲೆ ಕಣ್ಣುಗುಳಿ, ಅದರ ಮೇಲೆ, ಯಾರೂ ನಿರೀಕ್ಷಿಸಿರದಿದ್ದ ಒಂದು ಮೂಳೆ. ಸಣ್ಣ ಬಾಗಿದ ಕಡ್ಡಿಯಂತೆ ಕಣ್ಣಿನ ಮೇಲೆ ಚಾಚಿಕೊಂಡಿದೆ. ಇದರಿಂದ ಮುಖಕ್ಕೆ ಹುಬ್ಬು ಗಂಟಿಕ್ಕಿದ ಗತ್ತು ಬಂದಿದೆ. ಇಂಥ ಮೂಳೆ ಈ ಬಳಗದ ಕೆಲವಕ್ಕೆ ಇರುತ್ತದೆ, ಆದರೆ ಅದು ಎಷ್ಟು ತೆಳು ಎಂದರೆ ಸಾಮಾನ್ಯವಾಗಿ ಮಣ್ಣಲ್ಲೇ ಕಳೆದುಹೋಗುತ್ತದೆ ಎಂದು ಮೇಡಂ ವಿವರಿಸುತ್ತಾರೆ.

ಹಲಗೆಯ ಮೇಲಿನ ತಲೆಯನ್ನೂ ದಿಂಬಿನ ಮೇಲಿನ ತಲೆಯನ್ನೂ ಒಟ್ಟಿಗೆ ನೋಡಿದರೆ ಮನಸ್ಸು ಬೇರೆಲ್ಲಿಗೋ ಹೋಗುತ್ತದೆ. ಸಾಧು ಪ್ರಾಣಿ, ಸೊಪ್ಪು ತಿನ್ನುವುದು, ಚಿಕ್ಕದು ಎಂದ ಕೂಡಲೇ ನಮ್ಮ ಕೈ ತಾನಾಗಿ ಮೆತ್ತನೆಯ ಮುಖ ಮಾಡುತ್ತದೆ. ಮನೆಗಳಲ್ಲಿ ಎಷ್ಟು ಹೆಂಗಸರ ಮುಖವನ್ನು ಹೀಗೆ ಬೇರೆಯವರು ಪ್ರೀತಿಯಿಂದಲೇ ಮಾಡಿಟ್ಟಿರುತ್ತಾರೆ. ಕೆಟ್ಟ ಉದ್ದೇಶ ಯಾರಿಗೂ ಇರುವುದಿಲ್ಲ. ಮುದ್ದಾಗಿಯೂ ಇರುತ್ತದೆ. ಅವಳದಲ್ಲ ಅಷ್ಟೆ.

ಹಲ್ಲಕ್ಕ ಇದನ್ನು ಇಷ್ಟು ಉದ್ದ ಹೇಳುವುದಿಲ್ಲ. "ನಾನು ಪಾಪದೋಳು ಅಂದ್ಕೊಂಡಿದ್ದೆ. ಇವಳು ನೋಡಿದ್ರೆ ಹೀಗೆ ಗುರಾಯಿಸ್ತಿದಾಳೆ" ಎನ್ನುತ್ತಾರೆ. ಸ್ವಲ್ಪ ತಡೆದು, "ಈ ಸಿಡುಕೇ ಅವಳನ್ನ ಕಾಪಾಡಿರಬಹುದು" ಎಂದೂ ಸೇರಿಸುತ್ತಾರೆ.

ಗುರುವಾರ ಮಧ್ಯಾಹ್ನ ಒಂದು ಅನಾಹುತವಾಗುತ್ತದೆ. ದವಡೆಯ ಹಿಂಭಾಗದಲ್ಲಿ ಸಡಿಲವಾಗಿದ್ದ ಒಂದು ಹಲ್ಲು ಸೂಜಿಯ ಮೊನೆಗೆ ಚಿಮ್ಮಿ ಹಾರುತ್ತದೆ. ಅಕ್ಕಿಕಾಳಿನಷ್ಟಿದೆ, ಅಂಚಿನಲ್ಲಿ ಎಲೆಯ ಹಾಗೆ ಹಲ್ಲುಹಲ್ಲಾಗಿದೆ. ಈ ಕೋಣೆಯಲ್ಲಿ ಜರಡಿ ಹಿಡಿಯದೆ ಕಸ ಗುಡಿಸುವಂತಿಲ್ಲ. ಹಲ್ಲಕ್ಕ, ಮೇಡಂ, ಕಬ್ಬಿಣದ ಚೌಕಟ್ಟು ಮಾಡಿದ ಬೆಸುಗೆಯವರು ಮೂವರೂ ನೆಲದ ಮೇಲೆ ಮೊಣಕಾಲೂರಿ ಹುಡುಕುತ್ತಾರೆ. ದೂಳನ್ನೆಲ್ಲ ಜರಡಿ ಹಿಡಿದರೂ ಸಿಗುವುದಿಲ್ಲ. ಆ ಸಂಜೆ ಬಸ್ಸಿನಲ್ಲಿ ಹಲ್ಲಕ್ಕ ಕಿಟಕಿಗೆ ತಲೆ ಆನಿಸಿ ಕೂರುತ್ತಾರೆ. ಗಂಡ ಕನ್ನಡಿಯಲ್ಲಿ ಒಮ್ಮೆ ನೋಡಿ ಗೇರ್ ಬದಲಿಸುತ್ತಾರೆ.

ಶುಕ್ರವಾರ ಮುಂಜಾನೆ ಅತ್ತೆ ಒಗೆಯುವ ಬಟ್ಟೆ ಕೊಡವುವಾಗ ಸ್ವೆಟರಿನ ಮಡಚಿದ ತೋಳಿನಿಂದ ಏನೋ ನೆಲಕ್ಕೆ ಬೀಳುತ್ತದೆ. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಸೊಸೆಯ ಮಂಚದ ಬಳಿ ಬರುತ್ತಾರೆ.

"ಏಳೇ. ಇದ್ಯಾರದೋ ಹಲ್ಲು. ನನ್ನದಂತೂ ಅಲ್ಲ."

ಸೊಸೆ ದಡಬಡನೆ ಎದ್ದು ಕೂರುತ್ತಾರೆ. ಅತ್ತೆ ಅಷ್ಟು ಸುಲಭವಾಗಿ ಕೊಡುವವರಲ್ಲ. ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ.

"ಸವೆದಿದೆ. ಚೆನ್ನಾಗಿ ಅಗಿದು ತಿಂದೋಳು."

"ಹೌದು ಅತ್ತೆ. ಒಂದು ಸವೆದ್ರೆ ಕೆಳಗಿಂದ ಇನ್ನೊಂದು ಬರೋದು ಅವಕ್ಕೆ. ಸಾಯೋತನಕ."

"ಪುಣ್ಯವಂತೆ. ನನಗಾದ್ರೆ ನಿನ್ನ ಕೈಲಿ ಮಾಡಿಸ್ಕೊಬೇಕಾಯ್ತು" ಎಂದು ಹಲ್ಲನ್ನು ಹತ್ತಿಯಲ್ಲಿ ಸುತ್ತಿ, ತಮ್ಮ ಮಾತ್ರೆಯ ಡಬ್ಬಿಯಲ್ಲಿಟ್ಟು ಕೊಡುತ್ತಾರೆ. "ಬೀಳಿಸ್ಬೇಡ. ಒಳ್ಳೇ ಹಲ್ಲು."

ಹಲ್ಲು ಮಧ್ಯಾಹ್ನದೊಳಗೆ ದವಡೆ ಸೇರುತ್ತದೆ. ಉಳಿದದ್ದು ಎಡಗಣ್ಣಿನ ಮೇಲಿನ ಹುಬ್ಬಿನ ಮೂಳೆ. ಬಲಗಣ್ಣಿನದು ಬಿಡಿಸಿಕೊಂಡಿದೆ. ಎಡದ್ದು ಇನ್ನೂ ಕಲ್ಲಿಗೆ ಅಂಟಿದೆ, ಅದರ ಬುಡದಲ್ಲಿ ಕೂದಲಿನಂಥ ಒಂದು ಗೆರೆ. ಅದು ಹಳೆಯ ಗೆರೆಯೋ ಹೊಸ ಬಿರುಕೋ ಸೂಕ್ಷ್ಮದರ್ಶಕದಲ್ಲೂ ಹೇಳಲಾಗುವುದಿಲ್ಲ. ಮೇಡಂ ಬಗ್ಗಿ ನೋಡುತ್ತಾರೆ. ಇಬ್ಬರೂ ಹಲಗೆಯ ಮೇಲಿನ ತಲೆಯ ಕಡೆಗೆ ನೋಡದಿರಲು ಪ್ರಯತ್ನಿಸುತ್ತಾರೆ.

"ಏನಂತೀರಿ?" ಎಂದು ಮೇಡಂ ಕೇಳುತ್ತಾರೆ.

"ಒಂದು ಹನಿ ಅಂಟು ಬಿಟ್ಟು ನೋಡ್ತೀನಿ. ಹಳೇದಾದ್ರೆ ಒಳಗೆ ಮಣ್ಣು ತುಂಬಿರುತ್ತೆ, ಹೀರಲ್ಲ. ಹೊಸದಾದ್ರೆ ಕುಡಿಯುತ್ತೆ. ಕುಡಿದ್ರೆ ನಿಲ್ಲಿಸ್ತೀನಿ."

ಸೂಜಿಯ ತುದಿಯಿಂದ ಒಂದು ಹನಿ. ಹನಿ ಗೆರೆಯ ಮೇಲೆ ಮಣಿಯಂತೆ ನಿಲ್ಲುತ್ತದೆ. ಕಿಟಕಿಯಲ್ಲಿ ಕಾಲುಗಳು ಹೋಗುತ್ತವೆ, ಬರುತ್ತವೆ. ಹನಿ ಅಲ್ಲೇ ಇದೆ.

"ಕುಡೀಲಿಲ್ಲ" ಎಂದು ಮೇಡಂ ಉಸಿರು ಬಿಡುತ್ತಾರೆ.

ಶನಿವಾರ ಇಡೀ ದಿನ ಹಲ್ಲಕ್ಕನ ತಲೆ ಸೂಕ್ಷ್ಮದರ್ಶಕದಿಂದ ಏಳುವುದು ಟೀಗೆ ಮಾತ್ರ. ಮೇಷ್ಟ್ರ ಸೂಜಿ ಹುಬ್ಬಿನ ಅಡಿಗೆ ಹೋಗಿ ಹೋಗಿ ಬರುತ್ತದೆ. ಗಾಜಿನವರು ಮೇಲಿನಿಂದ ಎರಡು ಬಾರಿ ಕೇಳಿ ಕಳಿಸುತ್ತಾರೆ. ಕಿಟಕಿಯ ಬೆಳಕು ಹಳದಿಯಾಗುವ ಹೊತ್ತಿಗೆ ಹಲ್ಲಕ್ಕ ಕುಂಚವನ್ನು ಹುಬ್ಬಿನ ಕೆಳಗೆ ತೂರಿಸುತ್ತಾರೆ. ಕುಂಚದ ಕೂದಲು ಆ ಕಡೆಯಿಂದ ಹೊರಬರುತ್ತದೆ. ಕಲ್ಲು ಇಲ್ಲ. ಬರೀ ಗಾಳಿ.

ಅವರು ಕನ್ನಡಕ ತೆಗೆದು ಸ್ವೆಟರಿನಲ್ಲಿ ಒರೆಸಿಕೊಳ್ಳುತ್ತಾರೆ, ಬಹಳ ಹೊತ್ತು ಒರೆಸಿಕೊಳ್ಳುತ್ತಾರೆ. ಆಮೇಲೆ ತಲೆಯನ್ನು ಮರಳು ದಿಂಬಿನ ಸಮೇತ ಎದೆಗವಚಿಕೊಂಡು, ಲಿಫ್ಟ್ ಬೇಡವೆಂದು, ಮೆಟ್ಟಿಲು ಹತ್ತುತ್ತಾರೆ. ಮುಂದೆ ಮೇಡಂ ಬಾಗಿಲುಗಳನ್ನು ತೆರೆಯುತ್ತಾ ಹೋಗುತ್ತಾರೆ. ಬೆಸುಗೆಯವರು ಕತ್ತಿನ ತುದಿಯ ಕೊಂಡಿಯನ್ನು ಎರಡು ಸಲ ಬಗ್ಗಿಸಿ ಸರಿ ಮಾಡುತ್ತಾರೆ. ತಲೆ ಕೂರುತ್ತದೆ. ಇಷ್ಟು ದಿನ ಮೂಳೆಗಳ ಜೋಡಣೆಯಾಗಿದ್ದದ್ದು ಆ ಕ್ಷಣಕ್ಕೆ ತಿರುಗಿ ನೋಡುವ ಪ್ರಾಣಿಯಾಗುತ್ತದೆ. ಗಾಜಿನವರಲ್ಲಿ ಒಬ್ಬಾತ ತನಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಹಲ್ಲಕ್ಕನ ಮುಖ ಅರಳುವುದು ಅದನ್ನು ನೋಡಿ.

ಭಾನುವಾರ ಸಭಾಂಗಣ ತುಂಬಿದೆ. ಭಾಷಣಗಳು ಮುಗಿಯುವ ಮೊದಲೇ ಜನ ಕುಳ್ಳಿಯ ಸುತ್ತ ಸೇರಿದ್ದಾರೆ. ಪಕ್ಕದಲ್ಲಿ ಆನೆಗಿಂತ ದೊಡ್ಡ ಅಸ್ಥಿಪಂಜರಗಳಿದ್ದರೂ ಅವುಗಳ ಮುಂದೆ ಇಷ್ಟು ಹೊತ್ತು ಯಾರೂ ನಿಲ್ಲುತ್ತಿಲ್ಲ. ಮಕ್ಕಳು ಕುಳ್ಳಿಯ ಹಾಗೆ ಹುಬ್ಬು ಗಂಟಿಕ್ಕಿ ಒಬ್ಬರನ್ನೊಬ್ಬರು ಹೆದರಿಸುತ್ತಿದ್ದಾರೆ. ಮೇಷ್ಟ್ರು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಅಲ್ಲಾಡುತ್ತಿಲ್ಲ. ಬಸ್ ಡ್ರೈವರ್ ಸಮವಸ್ತ್ರದಲ್ಲೇ ಬಂದಿದ್ದಾರೆ. ಮೇಡಂ ವೇದಿಕೆಯಿಂದ ಹಲ್ಲಕ್ಕನನ್ನು ಕರೆದು ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದಾಗ ಬಹಳ ಹೊತ್ತಾದರೂ ಚಪ್ಪಾಳೆ ನಿಲ್ಲುವುದಿಲ್ಲ. ಅಷ್ಟೂ ಹೊತ್ತು ಹಲ್ಲಕ್ಕ ತಮ್ಮ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ.

ಜನ ಸ್ವಲ್ಪ ಕರಗಿದ ಮೇಲೆ ಅತ್ತೆಯ ಸರದಿ. ಈಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದೆ, ಎಲ್ಲವೂ ಸ್ಪಷ್ಟ ಕಾಣುತ್ತದೆಂಬ ಹೆಮ್ಮೆ ಬೇರೆ. ಸೊಸೆಯ ತೋಳು ಹಿಡಿದು ಗಾಜಿನ ಸುತ್ತ ಒಂದು ಸುತ್ತು ಬಂದು, ದವಡೆಯ ಹಿಂಭಾಗದಲ್ಲಿ ಬೆರಳು ತೋರಿಸುತ್ತಾರೆ.

"ಇಲ್ಲಿ ಬಣ್ಣ ಬೇರೆ ಇದೆಯಲ್ಲೇ. ತಿಳಿಯಾಗಿದೆ. ಇಷ್ಟೆಲ್ಲ ಮಾಡಿ ಅದೊಂದು ಸರಿಯಾಗಿ ಹಚ್ಚೋಕಾಗ್ಲಿಲ್ವಾ?"

"ಬೇಕಂತಲೇ ಹಾಗೆ ಬಿಟ್ಟಿದ್ದು ಅತ್ತೆ. ಅಲ್ಲಿ ಮೂಳೆ ಇರಲಿಲ್ಲ, ನಾನು ಪ್ಲಾಸ್ಟರ್ ತುಂಬಿದೀನಿ. ತುಂಬಿದ್ದು ಯಾವುದು ಅಂತ ನೋಡೋರಿಗೆ ಗೊತ್ತಾಗ್ಬೇಕು. ಮಿಕ್ಕಿದ್ದೆಲ್ಲ ಅವಳದೇ."

ಅತ್ತೆ ಮತ್ತೊಮ್ಮೆ ಬಗ್ಗಿ ನೋಡುತ್ತಾರೆ. ಈ ಸಲ ಕುಳ್ಳಿಯನ್ನಲ್ಲ, ಆ ತಿಳಿಬಣ್ಣದ ಜಾಗವನ್ನು ಮಾತ್ರ.

"ಹಾಗಾದ್ರೆ ಇದು ನೀನು ಅನ್ನು."

"ಹೂಂ ಅತ್ತೆ" ಎನ್ನುತ್ತಾರೆ ಹಲ್ಲಕ್ಕ. "ಅಷ್ಟು ನಾನು."